ವಾಸನೆಯಿಲ್ಲದ ಗಂಧದೆಣ್ಣೆ

ಹೈದರಾಬಾದಿನಲ್ಲಿ ಎಲ್ಲರೂ ಸಾಫ್ಟ್‌ವೇರ್ ಬರೆಯುತ್ತಿದ್ದಾಗ ನಾನು ಲ್ಯಾಬಿನಲ್ಲಿ ಗಂಧದ ಮರದ ಜೀನ್ ಸೇರಿಸಿದ ಯೀಸ್ಟ್‌ನಿಂದ ಗಂಧದೆಣ್ಣೆ ತೆಗೆಯಲು ಒದ್ದಾಡುತ್ತಿದ್ದೆ. ಅಲ್ಲಿ ಕಸ ಗುಡಿಸುತ್ತಿದ್ದ ರಾಯಚೂರಿನ ಹನುಮವ್ವ, ಗಂಡ ತೀರಿಕೊಂಡ ದಿನ ನೇರ ನನ್ನ ಬಳಿ ಬಂದಳು.

“ಸರ, ಚಿತಿ ಮ್ಯಾಲ ಗಂಧದ ಕಟ್ಟಿಗಿ ಇಡಬೇಕ್ರಿ. ಸುಲ್ತಾನ್ ಬಜಾರೆಲ್ಲಾ ನನ್ನ ತಮ್ಮ ತಿರುಗಿದ, ಒಂದು ಚೂರೂ ಸಿಗಲಿಲ್ಲ. ನಿಮ್ಮ ಎಣ್ಣಿ ನಾಕು ಹನಿ ಕೊಡ್ರಿ.”

ನಾಚಿಕೆಗೇಡು, ನಾನು ಪಾಠ ಶುರುಮಾಡಿದೆ. ಮರದೊಳಗೆ ಒಂದು ಕಿಣ್ವ ಎಣ್ಣೆ ಕಟ್ಟುತ್ತದೆ, ಇನ್ನೊಂದು ಅದಕ್ಕೆ ಆಮ್ಲಜನಕ ಸೇರಿಸಿದ ಮೇಲೇ ಘಮ ಬರುತ್ತದೆ. ನಮ್ಮ ಯೀಸ್ಟ್‌ನಲ್ಲಿ ಆ ಎರಡನೆಯದು ಕೆಲಸ ಮಾಡುತ್ತಿಲ್ಲ.

ಹನುಮವ್ವ ಮೇಜಿನ ಮೇಲಿದ್ದ ಎಣ್ಣೆ ಸೀಸೆ ಮೂಸಿ ನೋಡಿದಳು. “ವಾಸನಿ ಇಲ್ಲಂದ್ರ ಇರ್ಲಿ. ಗಂಧದ್ದ ಹೌದಲ್ರಿ?”

ಹೌದು ಎಂದೆ.

ಆ ಎಣ್ಣೆಗೆ ಕೊನೆಗೂ ಸಿಕ್ಕ ಗಿರಾಕಿ ಅವಳ ಗಂಡನೊಬ್ಬನೇ. ದೂರು ಬರಲಿಲ್ಲ.