ತಂಗಿ ನೋಡಲೆಂದು ಹಾಕಿದ ಫೋಟೊಗಳು

ಚಳ್ಳಕೆರೆಯಲ್ಲಿ ಹೊಸ ಮನೆಗೆ ಬಂದ ಮೇಲೆ ನಾನು ಮೊಬೈಲಿನಲ್ಲಿ ಸ್ಟೇಟಸ್ ಹಾಕಲು ಶುರುಮಾಡಿದೆ. ಮೊದಲು ಗೃಹಪ್ರವೇಶದ ಫೋಟೊ, ಆಮೇಲೆ ಅಡುಗೆಮನೆ, ಮಗಳ ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವಕ್ಕೆ ಗಂಡ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತದ್ದು. ಯಾರು ನೋಡಿದರು ಎಂದು ಪಟ್ಟಿ ತೆಗೆದರೆ ನನ್ನ ತಂಗಿಯ ಹೆಸರು ತಪ್ಪದೆ ಇರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವಳು ನೋಡಲೆಂದೇ ಕೆಲವನ್ನು ಹಾಕುತ್ತಿದ್ದೆ. ಚಿಕ್ಕಂದಿನಲ್ಲಿ ಮನೆಗೆ ಬಂದವರೆಲ್ಲ ಅವಳನ್ನೇ ಚಂದ ಎನ್ನುತ್ತಿದ್ದರು.

ನಿಜವೆಂದರೆ, ನಾನೂ ನನ್ನ ಗಂಡನೂ ಸರಿಯಾಗಿ ಮಾತಾಡಿ ಎರಡು ವರ್ಷವಾಗಿತ್ತು. ಹಾಲು ಖಾಲಿ, ಗ್ಯಾಸ್ ಖಾಲಿ, ಅಷ್ಟೇ ಮಾತು. ಫೋಟೊಗೆಂದು ಹತ್ತಿರ ಬಂದವರು, ಮಗಳು ಮೊಬೈಲ್ ಕೆಳಗಿಳಿಸಿದ ಕೂಡಲೇ ಕೈ ತೆಗೆದುಬಿಡುತ್ತಿದ್ದರು.

ತಂಗಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದರು. ಅವಳ ಗಂಡ ರೇಷ್ಮೆ ಸೀರೆ ನೇಯುವವನು, ಮೆತ್ತನೆ ಮಾತಿನವನು. ಅವಳಿಗೆ ಜ್ವರ ಬಂದಾಗ ಮಗ್ಗ ಬಿಟ್ಟು ಎದ್ದು ಗಂಜಿ ಕಾಯಿಸಿ ಕುಡಿಸಿದ್ದನ್ನು ನಾನೇ ಕಂಡಿದ್ದೇನೆ.

ಹೋದ ವರ್ಷ ತಂಗಿ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಕರೆದಾಗಲೆಲ್ಲ ಒಂದು ನೆಪ. ಒಂದು ದಿನ ಅವ್ವ ಫೋನ್ ಮಾಡಿದಳು.

"ನಿನ್ನ ತಂಗಿ ಗಂಡ ಮನೆ ಬಿಟ್ಟು ಹೋಗ್ಯಾನೆ ಕಣೆ. ಧರ್ಮಾವರದಾಗೆ ಯಾರದೋ ಮಗ್ಗಕ್ಕೆ ಸೇರ್ಕಂಡಾನಂತೆ. ಬಾ ಅಂದ್ರೆ ಬರಾಕಿಲ್ಲ ಅಂತಾನೆ."

ಮರುದಿನವೇ ಬಸ್ಸು ಹತ್ತಿದೆ. ತಂಗಿ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಇತ್ತು.

"ಏನಂದೆ ಅವನಿಗೆ?" ಎಂದು ಕೇಳಿದೆ.

"ಏನಂತೀನಿ? ದಿನಾ ನಿನ್ನ ಫೋಟೊ ತೋರಿಸ್ತಿದ್ದೆ. ಭಾವನ್ನ ನೋಡಿ ಕಲ್ತ್ಕೋ, ಹೆಂಡ್ತಿನ ಹೆಂಗೆ ನೋಡ್ಕಂತಾರೆ ಅಂತಿದ್ದೆ. ಉಣ್ಣಾಕೆ ಕುಂತಾಗ್ಲೂ ಅದೇ ಮಾತು. ಒಂದಿನ ತಟ್ಟೆ ಬಿಟ್ಟು ಎದ್ದ. ನನ್ನ ಕೈಲಿ ಅವರಂಗೆ ಆಗಾಕಿಲ್ಲ ಅಂದ. ಬಟ್ಟೆ ತಗಂಡು ಹೋದ."

ಅವಳ ಪಕ್ಕ ಕೂತು, ಅವ್ವನಿಗೂ ಹೇಳದಿದ್ದುದನ್ನೆಲ್ಲ ಹೇಳಿದೆ. ನಾನೂ ಗಂಡನೂ ಬೇರೆ ಬೇರೆ ಕೋಣೆಯಲ್ಲಿ ಮಲಗುವುದು, ನಾನು ಮೂರು ದಿನ ಆಸ್ಪತ್ರೆಯಲ್ಲಿದ್ದಾಗ ಅವರು ಒಂದೇ ಸಲ ಬಂದು ಬಾಗಿಲಲ್ಲೇ ನಿಂತು ಹೋದದ್ದು, ಎಲ್ಲ.

ತಂಗಿ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ನನ್ನ ಸಮಾಧಾನಕ್ಕೆ ಅಂತ ಭಾವನ ಮೇಲೆ ಇಷ್ಟು ಸುಳ್ಳು ಹೇಳಬ್ಯಾಡ ಅಕ್ಕ. ಪಾಪ ಬರ್ತತೆ," ಎಂದಳು.

ಮಗಳ ಮೇಲೆ ಆಣೆ ಇಟ್ಟರೂ ನಂಬಲಿಲ್ಲ. ಅವಳ ಗಂಡನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಈಗ ಹೇಳ್ತೀರಲ್ಲಕ್ಕಾ," ಎಂದು ಫೋನ್ ಇಟ್ಟುಬಿಟ್ಟ. ಯುಗಾದಿಗೆ ಬಂದು ಒಂದು ದಿನ ಇದ್ದು ಹೋದನಂತೆ. ಈಗಲೂ ಧರ್ಮಾವರದಲ್ಲೇ ಇದ್ದಾನೆ.

ಆ ದಿನದಿಂದ ನಾನು ಒಂದು ಫೋಟೊವನ್ನೂ ಹಾಕಿಲ್ಲ. ತಂಗಿ ಮೊನ್ನೆ ಅವ್ವನ ಹತ್ತಿರ ಹೇಳಿಕೊಂಡಳಂತೆ: "ಅಕ್ಕ ಈಗ ಫೋಟೊ ನನಗೊಬ್ಬಳಿಗೇ ಕಾಣದಂಗೆ ಮಾಡ್ಯಾಳೆ. ನನ್ನ ಕಣ್ಣು ಬೀಳ್ತತೆ ಅಂತ."