ಸಮೋಸ ಇಂಜಿನ್ನಿಗೆ ಪೆಟ್ರೋಲ್ ಕುಡಿಸಿದವನು

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಏಳನೇ ಕ್ಲಾಸಿಗೆ ನಾನು ಓದು ಬಿಟ್ಟೆ. ಸೋದರಮಾವ ನನ್ನನ್ನು ಮಾಸ್ತಿಯಿಂದ ಬಸ್ಸಿನಲ್ಲಿ ಕರೆತಂದು ಮುಳಬಾಗಿಲಿನ ಖಾದರ್ ಮೇಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟು ಹೋದ. ಅಲ್ಲಿ ನನಗೆ ಮೊದಲು ಕಂಡದ್ದು ಚಲಪತಿ. ನನ್ನದೇ ವಯಸ್ಸು. ಒಂದು ಜೀಪಿನ ಟ್ಯಾಂಕಿಗೆ ಕಡ್ಡಿ ಇಳಿಸಿ, ಅದರ ತುದಿಯ ಪೆಟ್ರೋಲನ್ನು ನಾಲಿಗೆಗೆ ಸವರಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಜೀಪಿನ ಯಜಮಾನ, ಡ್ರೈವರ್, ಖಾದರ್ ಮೇಸ್ತ್ರಿ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ನಿಧಾನವಾಗಿ ಉಗಿದು, ಸೀಮೆಎಣ್ಣೆ ಸೇರಿದೆ, ದಾರಿಯಲ್ಲಿ ಡಬ್ಬದಲ್ಲಿ ಮಾರುವವರ ಹತ್ತಿರ ಹಾಕಿಸಿದ್ದೀರಿ ಎಂದ. ಡ್ರೈವರ್ ತಲೆ ತಗ್ಗಿಸಿದ. ಮೇಸ್ತ್ರಿ ಚಲಪತಿಯ ಬೆನ್ನು ತಟ್ಟಿದರು.

ಆ ತಟ್ಟು ನನಗೆ ಬೇಕಿತ್ತು. ಶೆಡ್ಡಿಗೆ ಬಂದು ಒಂದು ಗಂಟೆಯೂ ಆಗಿರಲಿಲ್ಲ, ಆಗಲೇ ಬೇಕಿತ್ತು.

ಚಲಪತಿ ರಾಯಲ್ಪಾಡಿನ ಕಡೆಯವನು. ಮನೆಯಲ್ಲಿ ತೆಲುಗು, ಶೆಡ್ಡಿನಲ್ಲಿ ಕನ್ನಡ, ಮೇಸ್ತ್ರಿಯ ಜೊತೆ ಉರ್ದು. ಮೂರರಲ್ಲೂ ಅವನು ಸೋಮಾರಿಯೇ. ನಾನು ಬೆಳಕು ಹರಿಯುವ ಮುಂಚೆ ಬಂದು ಕಸ ಹೊಡೆದು, ಸ್ಪ್ಯಾನರು, ಪಾನಾಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿರುತ್ತಿದ್ದೆ. ಅವನು ಬಿಸಿಲೇರಿದ ಮೇಲೆ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿಯಲ್ಲಿ ಬರುತ್ತಿದ್ದ. ಗೇರ್ ಬಾಕ್ಸ್ ಇಳಿಸುವಾಗ ಇರುತ್ತಿರಲಿಲ್ಲ. ಇಳಿಸಿ ಮುಗಿಸಿ ನಾನು ಬೆನ್ನು ಹಿಡಿದುಕೊಂಡು ಕೂತಾಗ ಎದುರಿನ ಟೀ ಅಂಗಡಿಯಿಂದ ನಗುತ್ತಾ ಎದ್ದು ಬರುತ್ತಿದ್ದ. ಬೈದರೆ, "ತೊಂದರಪಡಕು ಮುನೀ," ಅನ್ನುತ್ತಿದ್ದ. ಅವಸರ ಪಡಬೇಡ ಅಂತ. ನಾನು ಅವಸರ ಪಡದಿದ್ದರೆ ಆ ಶೆಡ್ಡಿನಲ್ಲಿ ಒಂದು ಗಾಡಿಯೂ ಹೊರಗೆ ಹೋಗುತ್ತಿರಲಿಲ್ಲ.

ಅವನಿಗೆ ಬರುತ್ತಿದ್ದ ಕೆಲಸ ಒಂದೇ, ಕಾರ್ಬೊರೇಟರ್. ಬಾನೆಟ್ ಎತ್ತಿ, ಒಂದು ಕೈ ಸೊಂಟದ ಮೇಲೆ ಇಟ್ಟು, ಇಂಜಿನ್ ಓಡುವುದನ್ನು ಸುಮ್ಮನೆ ಕೇಳುತ್ತಿದ್ದ. ಆಮೇಲೆ ಸ್ಕ್ರೂ ಡ್ರೈವರಿನಿಂದ ಕಾಲು ಸುತ್ತು, ಅಷ್ಟೇ. "ಇಂಜಿನ್ನು ಕೂಸಿದ್ದಂಗೆ ಕಣೋ. ಅಳೋದು ಎಲ್ಲರ್ಗೂ ಕೇಳ್ಸುತ್ತೆ. ಹಸಿವಿಗೆ ಅಳ್ತಿದ್ಯೋ, ಜಾಸ್ತಿ ಕುಡಿದು ಅಜೀರ್ಣ ಆಗಿ ಅಳ್ತಿದ್ಯೋ, ಅದು ತಿಳೀಬೇಕು," ಎನ್ನುತ್ತಿದ್ದ. ನಾನೂ ಅವನ ಪಕ್ಕದಲ್ಲೇ ನಿಂತು ಎಷ್ಟೋ ಸಲ ಕೇಳಿದ್ದೇನೆ. ನನಗೆ ಕೇಳಿಸುತ್ತಿದ್ದದ್ದು ಇಂಜಿನ್ ಓಡುವ ಸದ್ದು ಮಾತ್ರ.

ಮೇಸ್ತ್ರಿಗೆ ವಯಸ್ಸಾಗಿ ಶೆಡ್ಡನ್ನು ನಮ್ಮಿಬ್ಬರಿಗೇ ಬಿಟ್ಟುಕೊಟ್ಟಾಗ ನಾನು ಮೊದಲು ಮಾಡಿಸಿದ್ದು ಬೋರ್ಡು. ಮುನಿಯಪ್ಪ ಅಂಡ್ ಚಲಪತಿ ಆಟೋ ವರ್ಕ್ಸ್. ನನ್ನ ಹೆಸರು ಮೊದಲು. ಚಲಪತಿ ಅದನ್ನು ಓದಿ, ಬಣ್ಣ ಚೆನ್ನಾಗಿದೆ ಎಂದ. ಆದರೆ ನಂಗಲಿಯಿಂದ ಕೋಲಾರದವರೆಗೆ ಎಲ್ಲರ ಬಾಯಲ್ಲೂ ಅದು ಚಲಪತಿ ಶೆಡ್ಡೇ ಆಯಿತು. ನನಗೆ ಹೆಣ್ಣು ಕೊಟ್ಟ ಮಾವನವರು ಕೂಡ ನೆಂಟರ ಮುಂದೆ, ಹುಡುಗ ಚಲಪತಿ ಶೆಡ್ಡಿನಲ್ಲಿದ್ದಾನೆ ಎಂದೇ ಹೇಳಿದ್ದರು.

ಎಂಬತ್ತರ ಆಚೀಚೆ ಶ್ರೀನಿವಾಸಪುರದ ಮಾವಿನ ಮಂಡಿಯ ರೆಡ್ಡಿಗಾರು ತಮ್ಮ ತಂದೆಯ ಕಾಲದ ಇಂಗ್ಲಿಷ್ ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ನಮ್ಮಲ್ಲಿಗೆ ಬಂದರು. ದುಂಡು ಮೂತಿಯ, ಹಿತ್ತಾಳೆಯ ಹಿಡಿಗಳ ಚೆಂದದ ಕಾರು. ಇಂಜಿನ್ನಿನ ಬ್ಲಾಕ್ ಸೀಳಿತ್ತು. ಅದೇ ಲಾರಿಯಲ್ಲಿ ಗೋಣಿ ಸುತ್ತಿದ ಬೇರೆ ಇಂಜಿನ್ ಇತ್ತು. ಮದರಾಸಿನಲ್ಲಿ ರೇಸ್ ಕಾರುಗಳನ್ನು ಸಿದ್ಧ ಮಾಡುವ ದೊರೈ ಎಂಬವರು, ಅಪಘಾತವಾಗಿ ಹರಾಜಿಗೆ ಬಂದ ಜಪಾನ್ ಕಾರಿನಿಂದ ಬಿಚ್ಚಿ ಮಾರಿದ್ದಂತೆ. ನಾವು ಬಿಚ್ಚಿ ನೋಡಿದರೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವ ಬದಲು ಮೂರು ಮೂಲೆಯ ಕಬ್ಬಿಣದ ಗಟ್ಟಿ ಒಂದು ಗೂಡಿನೊಳಗೆ ಸುತ್ತುತ್ತದೆ. ಅಂಥವು ಎರಡು. "ಏಂದ್ರಾ ಇದಿ, ಸಮೋಸ ಇದ್ದಂಗೈತೆ," ಎಂದರು ರೆಡ್ಡಿಗಾರು. ಅಂದಿನಿಂದ ಅದು ಸಮೋಸ ಇಂಜಿನ್.

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಇದನ್ನು ಹಳೆ ಕಾರಿಗೆ ಕೂರಿಸಿ ಓಡಿಸುವವನು ಯಾರೇ ಆಗಲಿ, ಅವನನ್ನು ತನ್ನ ರೇಸ್ ಶೆಡ್ಡಿಗೆ ಕರೆದುಕೊಳ್ಳುತ್ತೇನೆ ಎಂದು ದೊರೈ ಹೇಳಿದ್ದಾರೆ, ಅವರೇ ಬಂದು ನೋಡುತ್ತಾರೆ.

ನನಗೆ ಆ ಜಾಗ ಬೇಕು ಅನ್ನಿಸಿದ್ದು ರೇಸಿನ ಆಸೆಗಲ್ಲ. ಮದರಾಸಿನಲ್ಲಿ ಯಾರಿಗೂ ಚಲಪತಿ ಗೊತ್ತಿಲ್ಲ, ಅದಕ್ಕೆ.

ಮಾವಿನ ಸುಗ್ಗಿ ಪೂರ್ತಿ ದುಡಿದೆ. ಆ ಇಂಜಿನ್ನನ್ನು ಹಳೆಯ ಗೇರ್ ಬಾಕ್ಸಿಗೆ ಸೇರಿಸಲು ದಪ್ಪ ಉಕ್ಕಿನ ತಗಡನ್ನು ಗರಗಸದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ ಕೂರಿಸಿದೆ. ಆಮೇಲೆ ಬಂತು ಪೆಟ್ರೋಲಿನ ಪ್ರಶ್ನೆ. ನಾವು ನೋಡಿದ ಕಾರುಗಳಲ್ಲಿ ಇಂಜಿನ್ನಿನ ಕ್ಯಾಮ್ ಶಾಫ್ಟೇ ಪಂಪನ್ನು ತಟ್ಟಿ ತಟ್ಟಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಸುತ್ತದೆ. ಈ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಚಲಪತಿ ಟೀ ಲೋಟ ಹಿಡಿದುಕೊಂಡೇ, ಮೇಲೆ ಒಂದು ಕ್ಯಾನ್ ಕಟ್ಟು, ಪೆಟ್ರೋಲ್ ತಾನೇ ಇಳಿಯುತ್ತೆ ಎಂದ.

ಕೆಲಸ ನೋಡಲು ಬಂದಿದ್ದ ರೆಡ್ಡಿಗಾರು ಅವನನ್ನು ದಿಟ್ಟಿಸಿದರು. "ಮದುವೆ ಮನೆಗೆ ಹೋಗೋ ಕಾರಯ್ಯಾ ಇದು. ತಲೆ ಮೇಲೆ ಕ್ಯಾನ್ ಹೊತ್ಕೊಂಡು ಹೋಗ್ಲಾ?"

ಬ್ಯಾಟರಿಯಿಂದ ಓಡುವ ಪಂಪು ಹಾಕೋಣ, ಅದನ್ನೂ ಮುಂದೆ ಬೇಡ, ಹಿಂದೆ ಟ್ಯಾಂಕಿನ ಪಕ್ಕದಲ್ಲೇ ಕೂರಿಸೋಣ, ಎಳೆಯುವುದಕ್ಕಿಂತ ತಳ್ಳುವುದು ಸುಲಭ ಎಂದೆ ನಾನು. ಅಂಥದ್ದೊಂದನ್ನು ಕೋಲಾರದ ಗುಜರಿಯಲ್ಲಿ ಹುಡುಕಿ ತಂದೆ. ಕೀಲಿ ತಿರುಗಿಸಿದರೆ ಹಿಂದಿನಿಂದ ಟಿಕ್ ಟಿಕ್ ಎಂದು ಗೋಡೆ ಗಡಿಯಾರದ ಹಾಗೆ ಬಡಿದುಕೊಳ್ಳುತ್ತಿತ್ತು. ರೆಡ್ಡಿಗಾರು ಕಿವಿ ಕೊಟ್ಟು ಕೇಳಿ ನನ್ನ ಭುಜ ಹಿಡಿದರು. ಚಲಪತಿ ನೋಡುತ್ತಿದ್ದಾನೆಯೇ ಎಂದು ತಿರುಗಿದೆ. ಅವನು ತಲೆ ಬಾಚಿಕೊಳ್ಳುತ್ತಿದ್ದ.

ಇಂಜಿನ್ನಿನ ಜೊತೆ ಬಂದಿದ್ದ ಕಾರ್ಬೊರೇಟರಿಗೆ ನಾಲ್ಕು ಬಾಯಿ. ಒಣಗಿ ಗಟ್ಟಿಯಾಗಿತ್ತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ, ಪೆಟ್ರೋಲನ್ನೂ ನೀರಿನ ಹಾಗೆ ಕುಡಿಯುತ್ತದೆ ಎಂದು ನಾನು ಅದನ್ನು ಪಕ್ಕಕ್ಕಿಟ್ಟು, ಒಂದೇ ಬಾಯಿಯ ಜೀಪಿನದನ್ನು ಕೂರಿಸಿದೆ. ಅದಕ್ಕೆ ಬೇಕಾದದ್ದೆಲ್ಲ ಕೋಲಾರದಲ್ಲೇ ಸಿಗುತ್ತಿತ್ತು. ಚಲಪತಿ ಬೇಡ ಎನ್ನಲಿಲ್ಲ. ಪಕ್ಕಕ್ಕಿಟ್ಟಿದ್ದನ್ನು ಎತ್ತಿಕೊಂಡು ಹೋಗಿ ಒಂದು ಬಿಸ್ಕತ್ತು ಡಬ್ಬದಲ್ಲಿ ಪೆಟ್ರೋಲ್ ಹೊಯ್ದು ನೆನೆಹಾಕಿದ. ಅವನು ಹೇಳಿದ ಇನ್ನೊಂದು ಮಾತು ಎಣ್ಣೆಯದು. ಆ ಸಮೋಸದ ಮೂಲೆಗಳು ಸವೆಯದಿರಲು ಪೆಟ್ರೋಲಿನ ಜೊತೆಗೇ ಚೂರು ಎಣ್ಣೆ ಹೋಗಬೇಕು. ಅದನ್ನು ಹನಿಸುವ ಸಣ್ಣ ಪಂಪು ಒಡೆದಿತ್ತು. ಸ್ಕೂಟರಿಗೆ ಹಾಕುವ ಹಾಗೆ ಟ್ಯಾಂಕಿಗೇ ಬೆರೆಸಿಬಿಡು ಎಂದ. ಬಂಕಿನಲ್ಲಿ ಕಾರು ನಿಲ್ಲಿಸಿ ಸ್ಕೂಟರ್ ಆಯಿಲ್ ಕೇಳಿದಾಗ ಅಲ್ಲಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, "ಏನ್ಲಾ ಮುನಿಯಪ್ಪ, ಸ್ಕೂಟರ್ ಎಲ್ಲಿ ಇಟ್ಟಿದ್ದೀಯಾ?" ಎಂದ.

ಕಾರು ಸಮನಾದ ರಸ್ತೆಯಲ್ಲಿ ಜೇನಿನ ಹಾಗೆ ಗುಂಯ್‌ಗುಟ್ಟಿಕೊಂಡು ಓಡಿತು. ಶ್ರೀನಿವಾಸಪುರದ ರಸ್ತೆಯ ಏರು ಬಂದ ಕೂಡಲೇ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲ್ ಸಾಲದೆಂದು ಇನ್ನೊಂದು ಪಂಪು ಸೇರಿಸಿದೆ. ಈಗ ಕಾರ್ಬೊರೇಟರಿನ ಮೇಲಿನಿಂದಲೇ ಪೆಟ್ರೋಲ್ ಉಕ್ಕಿ ಬಿಸಿ ಪೈಪಿನ ಮೇಲೆ ಬಿತ್ತು. ಬೆಂಕಿ ಹತ್ತದೆ ಇದ್ದದ್ದು ಪುಣ್ಯ. ಏರಿನಲ್ಲಿ ಮತ್ತೆ ನಿಂತಿತು. ಅಷ್ಟರಲ್ಲಿ ದೊರೈ ಮಾರನೆಯ ದಿನವೇ ಬರುತ್ತಾರೆಂದು ರೆಡ್ಡಿಗಾರು ಹೇಳಿ ಕಳಿಸಿದರು.

ಆ ಮಧ್ಯಾಹ್ನ ಚಲಪತಿ ಕರೆಯದೆ ಬಂದ. ಒಂದು ಪಂಪಿನ ತಂತಿ ಕಿತ್ತ. ಪೈಪಿನ ತುದಿ ಬಿಚ್ಚಿ, ಇನ್ನೊಂದು ಪಂಪಿನಿಂದ ಬರುವ ಧಾರೆಯನ್ನು ಬಾಟಲಿಗೆ ಹಿಡಿದು ನೋಡಿದ. "ನಿನ್ ಪಂಪು ಒಂದೇ ಸಾಕು ಕಣೋ, ಚೆನ್ನಾಗೈತೆ. ಈ ಜೀಪಿನ ಕಾರ್ಬೊರೇಟರ್ ಬಾಯಿ ಚಿಕ್ಕದು. ಮದುವೆ ಊಟಾನ ಕೂಸಿಗೆ ಹಾಲು ಹಾಕೋ ಒಳಲೆಯಲ್ಲಿ ಕುಡಿಸ್ತಿದ್ದೀಯಲ್ಲೋ."

ಡಬ್ಬದಿಂದ ಆ ನಾಲ್ಕು ಬಾಯಿಯದನ್ನು ತೆಗೆದ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೆಲ್ಲಗೆ ಹೋಗುವಾಗ ಎರಡು ಬಾಯಿ, ತುಳಿದರೆ ಮಿಕ್ಕ ಎರಡೂ ತೆರೆಯುವಂತೆ ಅದರ ಕೀಲುಗಳನ್ನು ಬಿಡಿಸಿದ್ದ. ಕೂರಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದ. ಕಾಲು ಸುತ್ತು. ಸಂಜೆ ಚಲಪತಿ ಓಡಿಸಿದಾಗ ಆ ಏರಿನ ಮೇಲೆ ಕಾರು ಹೋದ ರಭಸಕ್ಕೆ, ನೋಡಲು ಬಂದಿದ್ದ ರೆಡ್ಡಿಗಾರು ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳತೊಡಗಿದರು. ನಾನು ಅವರ ಪಕ್ಕದಲ್ಲಿದ್ದೆ. ಇಳಿದವರೇ ಅವನನ್ನು ತಬ್ಬಿಕೊಂಡರು. ನಾನು ಕಾರಿನ ಬಾಗಿಲು ಹಾಕಿದೆ.

ದೊರೈ ಬಂದು, ತಾವೇ ಓಡಿಸಿ, ಬಾನೆಟ್ಟಿನೊಳಗೆ ಬಹಳ ಹೊತ್ತು ನೋಡಿದರು. ಚಲಪತಿ ಸುಳ್ಳು ಹೇಳುವವನಲ್ಲ. ಕೂರಿಸಿದ್ದೆಲ್ಲ ಇವನು, ಪಂಪಿನ ಯೋಚನೆಯೂ ಇವನದೇ, ಕಾರ್ಬೊರೇಟರ್ ಮಾತ್ರ ನಾನು ಕೇಳಿ ಹೊಂದಿಸಿದ್ದು, ಇವನನ್ನು ಕರೆದುಕೊಂಡು ಹೋಗಿ ಎಂದು ನನ್ನನ್ನು ಮುಂದಕ್ಕೆ ತಳ್ಳಿದ. ದೊರೈ ಒಳ್ಳೆಯ ಮನುಷ್ಯ. ನನ್ನ ಕೈ ಕುಲುಕಿ, ಕಣ್ಣನ್ನು ಚಲಪತಿಯ ಮೇಲಿಟ್ಟು, ಅವರಿಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಹೇಳಿದರು: "ತುಂಬ ಒಳ್ಳೆ ಕೆಲಸ ತಂಬಿ. ಆದ್ರೆ ಫಿಟ್ಟರ್ ನನ್ನ ಹತ್ರ ಇದಾರೆ. ನನಗೆ ಇವನ ಕಿವಿ ಬೇಕು."

ಮರುದಿನ ಟೀ ಅಂಗಡಿಯಲ್ಲಿ ಚಲಪತಿ, ನೀನು ಬೇಡ ಎಂದರೆ ಹೋಗುವುದಿಲ್ಲ ಎಂದ. ಹೋಗು ಎಂದೆ.

"ಹೊಟ್ಟೆ ಉರೀತೈತೆ ಅಲ್ವೇನೋ?"

"ಉರೀತೈತೆ."

"ಉರೀಲಿ ಬಿಡು. ನಿನಗೆ ಉರಿದ್ರೇನೇ ಕೆಲಸ ಓಡೋದು," ಎಂದು ನಕ್ಕ. ನನಗೂ ನಗು ಬಂತು. ಅದಕ್ಕೆ ಇನ್ನಷ್ಟು ಉರಿಯಿತು.

ಮೂರ್ನಾಲ್ಕು ವರ್ಷದ ಮೇಲೆ ಬಿಡಿಭಾಗ ತರಲು ಮದರಾಸಿಗೆ ಹೋದವನು ಆ ರೇಸ್ ಶೆಡ್ಡನ್ನು ಹುಡುಕಿಕೊಂಡು ಹೋದೆ. ನೆಲದಲ್ಲಿ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಪ್ಯಾಂಟು ಹಾಕಿದ ದೊಡ್ಡ ದೊಡ್ಡ ಜನ ಚಲಪತಿಯ ಸುತ್ತ ನಿಂತು, ಅವನು ಇಂಜಿನ್ ಕೇಳಿ ಮುಗಿಸಲೆಂದು ಕಾಯುತ್ತಿದ್ದರು. ನನ್ನನ್ನು ಕಂಡು ಕೆಲಸ ಬಿಟ್ಟು ಓಡಿಬಂದ. ಎಲ್ಲರಿಗೂ, ನನ್ನ ಪಾರ್ಟ್‌ನರ್ ಎಂದು ತೋರಿಸಿದ. ಅವರು ನಕ್ಕರು, ಕೈ ಮುಗಿದರು, ಮತ್ತೆ ಅವನ ಕಡೆ ತಿರುಗಿದರು.

ಊಟಕ್ಕೆ ಕೂತಾಗ ಹೇಳಿದ: "ಫಿಟ್ಟರ್ ಜಾಗ ಖಾಲಿ ಆಗೈತೆ ಮುನೀ. ದೊರೈ ಅವರ್ಗೆ ಹೇಳಿ ಒಪ್ಸಿದೀನಿ. ಬಂದ್ಬಿಡು."

"ಅವರು ಕೇಳಿದ್ರಾ?"

"ನಾನ್ ಹೇಳ್ದೆ. ನಾನ್ ಹೇಳಿದ್ರೆ ಇಲ್ಲ ಅನ್ನಲ್ಲ."

ಅವರೇ ಕೇಳಿದ್ದರೆ ನಾನು ಅಂದು ಊರಿಗೆ ವಾಪಸು ಬರುತ್ತಿರಲಿಲ್ಲ. ರೆಡ್ಡಿಗಾರ ಲಾರಿಯ ಇಂಜಿನ್ ಬಿಚ್ಚಿಹಾಕಿ ಬಂದಿದ್ದೇನೆ, ನಾಳೆ ಜೋಡಿಸಬೇಕು ಎಂದೆ. ಚಲಪತಿ ತಟ್ಟೆ ಎತ್ತಿಟ್ಟು ಎದ್ದ. ಬಸ್ ಸ್ಟ್ಯಾಂಡಿನವರೆಗೂ ಬಂದು, ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟು, ನನ್ನ ಮಗಳಿಗೆಂದು ಒಂದು ಗೊಂಬೆ ಕೊಡಿಸಿದ. ನಾನು ಚಲಪತಿಯನ್ನು ಕಂಡದ್ದು ಅದೇ ಕೊನೆ. ಆಮೇಲೆ ಯಾವುದೋ ರೇಸಿನವರ ಜೊತೆ ಮಲೇಷ್ಯಾಕ್ಕೆ ಹೋದನೆಂದು ರಾಯಲ್ಪಾಡಿನ ಅವನ ಅಣ್ಣ ಹೇಳಿದ.

ಈಗ ನನಗೆ ಮುಳಬಾಗಿಲಿನಲ್ಲಿ ಸ್ವಂತದ ಒಂದು ಶೆಡ್ಡಿದೆ, ಎರಡು ಪಿಟ್ಟು, ಒಂದು ಗ್ಯಾಸ್ ವೆಲ್ಡಿಂಗ್ ಸೆಟ್ಟು, ನಾಲ್ಕು ಜನ ಕೆಲಸಗಾರರು, ಶೀಟಿನ ಸೂರಿನ ಒಂದು ಮನೆ, ಓದುತ್ತಿರುವ ಇಬ್ಬರು ಮಕ್ಕಳು. ಕಾರ್ಬೊರೇಟರ್ ಕೆಲಸಕ್ಕೆಂದು ಯಾರೂ ಇಲ್ಲ. ಅದನ್ನು ನಾನೇ ಮಾಡುತ್ತೇನೆ.