ಚಿಕ್ಕಪ್ಪ ನಂಬಿದ ಹಸಿವು

ಚಿಕ್ಕಪ್ಪನ ಎಡ ಮೊಣಕೈ ಕಪ್ಪಗೆ, ಹಲಸಿನ ಸಿಪ್ಪೆಯಷ್ಟು ಒರಟಾಗಿತ್ತು. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ ಅವರದೊಂದು ಪುಟ್ಟ ಹೊಟೇಲು. ಬೆಳಿಗ್ಗೆ ಬಾಗಿಲು ತೆರೆದು ಗಲ್ಲಾದ ಹಿಂದೆ ಕೂತು ಆ ಮೊಣಕೈಯನ್ನು ಮೇಜಿಗೆ ಊರಿದರೆಂದರೆ ಮುಗಿಯಿತು, ಊಟಕ್ಕೂ ಏಳುತ್ತಿರಲಿಲ್ಲ. ಕೈ ಚಿಲ್ಲರೆ ಕೊಡುತ್ತಿದ್ದರೂ ಕಣ್ಣು ಮಾತ್ರ ಗಿರಾಕಿಗಳ ತಟ್ಟೆಯ ಮೇಲೆ. ಚಟ್ನಿ ಬಿಟ್ಟರೆ ಅಡುಗೆಯವನ ತಪ್ಪು, ಇಡ್ಲಿ ಬಿಟ್ಟರೆ ಗಿರಾಕಿಗೆ ಮೈ ಸರಿಯಿಲ್ಲ ಎಂದು ಅವರು ತೀರ್ಮಾನ ಕೊಡುತ್ತಿದ್ದರು. "ಇವರಿಗೆ ಜನರ ಮುಖ ನೆನಪಿರುದಿಲ್ಲ, ತಟ್ಟೆ ನೆನಪಿರ್ತದೆ" ಎಂದು ಚಿಕ್ಕಮ್ಮ ಗೇಲಿ ಮಾಡುತ್ತಿದ್ದರು.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಉಡುಪಿಯ ಕಡೆಯಿಂದ ನಾನೂ ನನ್ನ ತಮ್ಮನೂ ಕಾಲೇಜು ಓದಲೆಂದು ಬಂದು ಅವರ ಎರಡು ಕೋಣೆಯ ಮನೆಯಲ್ಲಿ ತುಂಬಿಕೊಂಡಿದ್ದೆವು. ಅವರಿಗೆ ಮಕ್ಕಳಿರಲಿಲ್ಲ. ಊರಲ್ಲಿ ಹೆಡ್‌ಮಾಸ್ಟರಾಗಿದ್ದ ನಮ್ಮ ಅಪ್ಪ ಚಿಕ್ಕಪ್ಪನ ಒಬ್ಬನೇ ಅಣ್ಣ. ಅಪ್ಪನ ಹೆಸರೆತ್ತಿದರೆ ಸಾಕು, ಚಿಕ್ಕಪ್ಪ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಿದ್ದರು. ಅಣ್ಣ ಓದಿದ, ತಮ್ಮ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಯಾರದೋ ಹೊಟೇಲಿನಲ್ಲಿ ಕಪ್ಪು ತೊಳೆದ. ಆ ದಿನಗಳ ಬಗ್ಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ದೋಸೆಯ ವಾಸನೆಯಲ್ಲೇ ಮಲಗಬೇಕು, ತಿನ್ನಲಿಕ್ಕೆ ಮಾತ್ರ ಇಲ್ಲ."

ಹಾಗಾಗಿ ನನ್ನ ತಮ್ಮನ ಗೆಳೆಯರನ್ನು ಕಂಡರೆ ಅವರಿಗೆ ಕರುಳು ಚುರುಕ್ ಎನ್ನುತ್ತಿತ್ತು. ನಾಲ್ಕೈದು ಹುಡುಗರು, ಕಿವಿ ಮುಚ್ಚುವ ಕೂದಲು, ನೆಲ ಗುಡಿಸುವ ಪ್ಯಾಂಟು, ಕೊರಳಲ್ಲಿ ಮಣಿಸರ. ಸಂಜೆ ಜುಹೂ ಕಡೆಯಿಂದ ಬಂದು ಮೂಲೆಯ ಟೇಬಲ್ಲಿಗೆ ಕುಸಿದು, ದೋಸೆ ಆದ ಮೇಲೆ ಉದ್ದಿನವಡೆ, ವಡೆಯ ಮೇಲೆ ಶಿರಾ, ಶಿರಾದ ಮೇಲೆ ಮತ್ತೆ ಶಿರಾ ತಿನ್ನುವರು. ತಿನ್ನುತ್ತ ಕಾರಣವಿಲ್ಲದೆ ನಗುವರು. ಕಣ್ಣು ಕೆಂಪು. ಚಿಕ್ಕಪ್ಪ ಗಲ್ಲಾದಿಂದಲೇ "ಖಾವ್ ಬೇಟಾ, ಖಾವ್" ಎಂದು ಕೂಗಿ, ಕೇಳದಿದ್ದರೂ ಇನ್ನೊಂದು ಪ್ಲೇಟು ಕಳಿಸುವರು.

"ಪಾಪ, ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಹಾಕುದಿಲ್ಲ ಕಾಣ್ತದೆ."

"ಹಾಸ್ಟೆಲಿನವರಲ್ಲ ಚಿಕ್ಕಪ್ಪ. ಒಬ್ಬನ ಮನೆಯಲ್ಲಿ ಎರಡು ಕಾರು ಉಂಟು."

"ಹಾಗಾದರೆ ಮನೆಯಲ್ಲಿ ಅಮ್ಮ ಸರಿ ಇಲ್ಲ."

"ಕಣ್ಣು ಯಾಕೆ ಕೆಂಪು?"

"ಓದ್ತಾರೆ ಮಾರಾಯ್ತಿ. ನಿನ್ನ ಹಾಗಾ?"

ನನ್ನ ಕಾಲೇಜಿನಲ್ಲಿ ಇದೇನೂ ಗುಟ್ಟಾಗಿರಲಿಲ್ಲ. ಜುಹೂ ಮರಳಿನ ಮೇಲೆ ಬಿಳಿಯ ಹುಡುಗ ಹುಡುಗಿಯರು ಬರಿಗಾಲಲ್ಲಿ ತಿರುಗುತ್ತಿದ್ದರು, ಅವರನ್ನು ನೋಡಿ ನಮ್ಮವರೂ ಚರಸ್ಸಿನ ದಮ್ಮೆಳೆಯುವುದನ್ನು ಕಲಿತಿದ್ದರು. ಸೇದಿದವನು ದೊಡ್ಡ ಮನಸ್ಸಿನವನು, ಸೇದದವನು ಅಪ್ಪ ಅಮ್ಮನ ಗುಲಾಮ. ನನ್ನ ಜಡೆ ಕಂಡರಂತೂ ಅವರಿಗೆ ಅಯ್ಯೋ ಅನಿಸುತ್ತಿತ್ತು. ಆದರೆ ಸಂಜೆಯ ಆ ಭಯಂಕರ ಹಸಿವು ಚರಸ್ಸಿನದು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಚಿಕ್ಕಪ್ಪ ನಂಬಲಿಲ್ಲ. ಹೊಗೆ ಕುಡಿದರೆ ಹಸಿವು ಸಾಯುತ್ತದೆ, ಬೀಡಿ ಸೇದಿ ಅದೆಷ್ಟು ಊಟ ತಪ್ಪಿಸಿದವರು ತಾವು, ತಮಗೆ ಗೊತ್ತಿಲ್ಲವೇ ಎಂದು ನನಗೇ ಪಾಠ ಹೇಳಿದರು.

ಕೊನೆಗೆ ಒಗೆಯಲು ಹಾಕಿದ ತಮ್ಮನ ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಕಪ್ಪು ಉಂಡೆಯೊಂದು ಸಿಕ್ಕಿತು. ತಂದು ಅವರ ಅಂಗೈ ಮೇಲಿಟ್ಟೆ. ಮೂಸಿದರು. ಮೂಲೆಯ ಟೇಬಲ್ಲಿನಿಂದ ದಿನವೂ ಬರುತ್ತಿದ್ದ ವಾಸನೆ ಅವರಿಗೆ ಗುರುತು ಸಿಕ್ಕಿರಬೇಕು.

ಮರುದಿನ ಸಂಜೆ ಚಿಕ್ಕಪ್ಪ ಗಲ್ಲಾ ಬಿಟ್ಟು ಎದ್ದರು. ಇಡ್ಲಿ ಒಯ್ಯುತ್ತಿದ್ದ ಮಾಣಿ ನಿಂತಲ್ಲೇ ನಿಂತ. ಮೂಲೆಯ ಟೇಬಲ್ಲಿಗೆ ಹೋಗಿ ಹುಡುಗರ ನಡುವೆ ಕೂತು, ಹೊಟೇಲಿನ ಹಿಂದಿಯಲ್ಲಿ, ಆ ಚರಸ್ಸಿನಲ್ಲಿ ಏನು ಸಿಗುತ್ತದೆ ಎಂದು ಕೇಳಿದರು. ಬೈಗುಳಕ್ಕೆ ತಯಾರಾಗಿದ್ದ ಹುಡುಗರು ಗಲಿಬಿಲಿಯಾದರು. ಒಬ್ಬ ಸಿಗರೇಟಿಗಿಂತ ಇದು ಮೇಲು ಅಂದ. ಇನ್ನೊಬ್ಬ ಸಾಧುಗಳು ಸೇದುವುದಿಲ್ಲವೇ ಅಂದ. ಮನಸ್ಸಿಗೆ ಶಾಂತಿ ಸಿಗ್ತದೆ ಚಿಕ್ಕಪ್ಪ, ಎಂದ ಅವರ ಜೊತೆಗೇ ಕೂತಿದ್ದ ನನ್ನ ತಮ್ಮ.

"ಆಯ್ತು. ಆದರೆ ನಾನು ನಿಮಗೆ ಹಸಿವು ಅಂತ ತಿಳಿದಿದ್ದೆ ಮಗಾ" ಎಂದರು ಚಿಕ್ಕಪ್ಪ. "ನಿಜವಾದ ಹಸಿವು."

ಅಷ್ಟೇ ಅಂದು ಎದ್ದು ಬಂದರು. ಮುಖ ಸಣ್ಣದಾಗಿತ್ತು. ಯಾರೋ ಅವರ ಬಾಲ್ಯವನ್ನು ಆಟಕ್ಕೆ ತೆಗೆದುಕೊಂಡ ಹಾಗೆ ನೊಂದಿದ್ದರು. ಆ ಗುಂಪು ಮತ್ತೆ ಬರಲಿಲ್ಲ, ಇರಾನಿ ಹೊಟೇಲನ್ನು ಹಿಡಿದುಕೊಂಡಿತು. ಅವರಲ್ಲಿ ಹೆಚ್ಚಿನವರು ಪರೀಕ್ಷೆ ಹತ್ತಿರ ಬಂದಾಗ ಕೂದಲು ಕತ್ತರಿಸಿಕೊಂಡು ಸುಧಾರಿಸಿದರು. ಅವರಿಗೆ ಅದು ಒಂದು ಫ್ಯಾಶನ್ನು, ಹಳತಾಯಿತು. ನನ್ನ ತಮ್ಮನಿಗೆ ಹಳತಾಗಲಿಲ್ಲ. ಅವನು ನಿದ್ದೆಯ ಮಾತ್ರೆಗಳಿಗೆ ಇಳಿದ.

ಅದನ್ನು ಮೊದಲು ಕಂಡವರು ಚಿಕ್ಕಪ್ಪನೇ. ಕಂಡದ್ದು ತಟ್ಟೆಯಲ್ಲಿ. ಮನೆಯಲ್ಲಿ ತಮ್ಮ ಅನ್ನ ಕಲಸುತ್ತಿದ್ದ, ಉಣ್ಣುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದವನನ್ನು ಮಾಣಿಗಳು ಹೊತ್ತು ತಂದರು. ಡಾಕ್ಟರು ಮದ್ದು ಕೊಟ್ಟು, ಒಂದೇ ಸಲ ನಿಲ್ಲಿಸಬೇಡಿ, ನಿಧಾನವಾಗಿ ಬಿಡಿಸಬೇಕು, ಒಬ್ಬನನ್ನೇ ಬಿಡಬೇಡಿ ಅಂದರು.

"ಅಪ್ಪನಿಗೆ ಬರೆಯುವಾ" ಎಂದೆ ನಾನು.

"ಬೇಡ. ಅಣ್ಣನಿಗೆ ಗೊತ್ತಾದರೆ ಇವನಿಗೆ ಆ ಮನೆಯ ಬಾಗಿಲು ಮುಚ್ಚಿತು. ನಾನು ನೋಡ್ತೇನೆ."

ಮರುದಿನದಿಂದ ತಮ್ಮ ಅವರ ನೆರಳಿನಲ್ಲೇ ಇರಬೇಕಾಯಿತು. ಬೆಳಗಿನ ಲೋಕಲ್ಲಿನಲ್ಲಿ ದಾದರಿನ ತರಕಾರಿ ಮಾರ್ಕೆಟ್ಟಿಗೆ ಹೋಗಿ ಕುಂಬಳಕಾಯಿ, ಬಾಳೆಎಲೆ ಹೊತ್ತು ತರಬೇಕು. ಆಮೇಲೆ ಗಲ್ಲಾದ ಪಕ್ಕದ ಸ್ಟೂಲು. ಕಾಲೇಜು ಬಿಟ್ಟುಹೋಯಿತು. ತಮ್ಮ ನಡುಗುತ್ತಿದ್ದ, ಬೆವರುತ್ತಿದ್ದ, ಚಿಕ್ಕಪ್ಪನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಒಮ್ಮೆ ತಪ್ಪಿಸಿಕೊಂಡು ಹೋಗಿ ಎರಡು ದಿನ ಸಿಗಲಿಲ್ಲ. ಹುಡುಕಿ ತಂದು, ಮತ್ತೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಉಪದೇಶ ಎಂಬುದು ಅವರ ಬಾಯಿಂದ ಬರಲೇ ಇಲ್ಲ. ಪ್ಲಾಟ್‌ಫಾರಂ ಮೇಲೆ ಅವನು ಕಾರಿಕೊಂಡರೆ ಹಣೆ ಹಿಡಿದು ನಿಲ್ಲುವರು, ತೊಳೆದುಕೊಳ್ಳಲು ನೀರು ತರುವರು, ಮತ್ತೆ ಚೀಲ ಎತ್ತಿಕೊಳ್ಳುವರು.

ಊರಿನವರು ಯಾರೋ ದಾದರಿನಲ್ಲಿ ಅವನು ಹೊರೆ ಹೊರುವುದನ್ನು ನೋಡಿ ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ಅಪ್ಪ ಬಂದರು. ಹೊಟೇಲಿನ ನಡುವೆ, ಗಿರಾಕಿಗಳ ಎದುರೇ, "ಓದಲಿಕ್ಕೆ ಕಳಿಸಿದ ಹುಡುಗನ ತಲೆ ಮೇಲೆ ಕುಂಬಳಕಾಯಿ ಹೊರಿಸಿದೆಯಲ್ಲ. ನಿನಗೆ ಓದು ಹತ್ತಲಿಲ್ಲ ಅಂತ ನನ್ನ ಮಗನೂ ಹಾಗೇ ಆಗಬೇಕಾ?" ಎಂದರು. ನಾನು ಬಾಯಿ ತೆರೆದೆ. ಚಿಕ್ಕಪ್ಪ ಕಣ್ಣಲ್ಲೇ ಬೇಡವೆಂದರು. "ತಪ್ಪಾಯ್ತು ಅಣ್ಣ. ಇಲ್ಲಿ ಜನ ಕಡಿಮೆ ಇದ್ರು. ಬರುವ ವರ್ಷ ಕಾಲೇಜಿಗೆ ಕಳಿಸ್ತೇನೆ" ಎಂದರು. ಅಪ್ಪ ಒಂದು ಲೋಟ ನೀರೂ ಕುಡಿಯದೆ ಹೊರಟುಹೋದರು. ಆಮೇಲೆ ಚಿಕ್ಕಪ್ಪನ ಜೊತೆ ಮಾತು ಬಿಟ್ಟರು. ಊರಿನ ಮದುವೆ ಮುಂಜಿಗಳಲ್ಲಿ ಚಿಕ್ಕಪ್ಪ ಎದುರಾದರೆ ಮುಖ ತಿರುಗಿಸುತ್ತಿದ್ದರು.

ಆ ದಿನ ನಾನು ಅತ್ತು ರಂಪ ಮಾಡಿದ್ದಕ್ಕೆ ಚಿಕ್ಕಪ್ಪ ಅಂದದ್ದು ಇಷ್ಟು: "ಅಣ್ಣನ ಬೈಗುಳ ನನಗೆ ಚಿಕ್ಕಂದಿನಿಂದ ರೂಢಿ ಉಂಟು. ಹುಡುಗನಿಗೆ ತಡೆಯಲಿಕ್ಕೆ ಆಗ್ಲಿಕ್ಕಿಲ್ಲ."

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ದಾದರ್ ಸ್ಟೇಷನ್ನಿನಲ್ಲಿ ತಮ್ಮ ಚೀಲ ಕೆಳಗಿಟ್ಟು, "ಚಿಕ್ಕಪ್ಪ, ಹಸಿವಾಗ್ತದೆ" ಎಂದನಂತೆ. ಚಿಕ್ಕಪ್ಪ ಅವನ ಕಣ್ಣು ನೋಡಿದರಂತೆ. ಬಿಳಿಯಾಗಿತ್ತು. ವಡಾಪಾವ್ ಕೊಡಿಸಿ, ತಿಂದು ಮುಗಿಯುವವರೆಗೆ ರೈಲು ಬಿಟ್ಟು ನಿಂತರಂತೆ, ಪಂಚೆಯ ಅಂಚಿನಿಂದ ಮುಖ ಒರೆಸಿಕೊಳ್ಳುತ್ತ. ತಮ್ಮ ಮುಂದಿನ ವರ್ಷ ಕಾಲೇಜಿಗೆ ಮರಳಿದ, ಪಾಸಾದ, ಕೆಲಸಕ್ಕೆ ಸೇರಿದ. ಅಪ್ಪ ಚಿಕ್ಕಪ್ಪನ ನಡುವಿನ ಮಾತು ಮಾತ್ರ ಮರಳಲಿಲ್ಲ.

ದಶಕದ ಕೊನೆಯಲ್ಲಿ ಚಿಕ್ಕಪ್ಪ ಹೃದಯ ನಿಂತು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನಕ್ಕೆ ಅಪ್ಪ ಬಂದರು. ಬಂದವರು, ಅಭ್ಯಾಸಬಲವೋ ಏನೋ, "ಹುಡುಗನ ಒಂದು ವರ್ಷ ಹಾಳು ಮಾಡಿದ ನೋಡು" ಎಂದು ಯಾರಿಗೋ ಹೇಳುತ್ತಿದ್ದರು. ನನ್ನ ತಮ್ಮ ಎದ್ದು ನಿಂತ. ಜುಹೂ, ಚರಸ್ಸು, ಮಾತ್ರೆ, ಮೆಟ್ಟಿಲು, ಎಲ್ಲವನ್ನೂ ಬಂಧುಗಳೆದುರೇ ಹೇಳಿದ. ಅಪ್ಪ ಅವನ ಮುಖ ನೋಡುತ್ತ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹೌದಾ?" ಎಂದರು. ನಾನು ಹೌದೆಂದೆ.

ಅಪ್ಪ ಹೆಗಲ ಮೇಲಿನ ಶಲ್ಯ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಚಿಕ್ಕಪ್ಪನ ಪಟದ ಎದುರು ಹೋದರು. ಅವರ ಇರಾದೆ ಕಂಡ ಪುರೋಹಿತರು, "ಮಾಸ್ಟ್ರೇ, ಹಿರಿಯರು ಕಿರಿಯರಿಗೆ ನಮಸ್ಕಾರ ಮಾಡುವ ಕ್ರಮ ಇಲ್ಲ" ಎಂದರು.

"ಗೊತ್ತುಂಟು" ಎಂದರು ಅಪ್ಪ. ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಏಳಲು ಅವರಿಗೆ ಆಗಲಿಲ್ಲ. ನನ್ನ ತಮ್ಮ ಹೋಗಿ ತೋಳು ಹಿಡಿದು ಎತ್ತಿದ.